ದುಗ್ಗಪ್ಪನ ಹೊಟ್ಟೆ ಯಾರಪ್ಪನ ಆಸ್ತಿ?

ತೊಗರಿಗುಡ್ಡ ಅನ್ನೋ ರಾಜ್ಯದಲ್ಲಿ ದುಗ್ಗಪ್ಪ ಅಂತ ಒಬ್ಬ ಅಡುಗೆಯವನಿದ್ದ. ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಈ ಕಥೆಯನ್ನ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬಹಳ ಜನ ಹೇಳುತ್ತಾರೆ. ಅರ್ಧಕ್ಕೆ ಮರೆತು ಕೆಮ್ಮುತ್ತಾರೆ. ನಾನು ಮರೆಯುವ ಪೈಕಿ ಅಲ್ಲ. ನನ್ನ ಹಾಗೆ ಹೇಳೋ ಗಂಡು ಇನ್ನೊಬ್ಬ ಇದ್ದರೆ ಕರೆದುಕೊಂಡು ಬನ್ನಿ, ನನ್ನ ಮೀಸೆ ಬೋಳಿಸಿ ಅವನ ಕೈಗೆ ಕೊಡುತ್ತೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮಾತಾಡುವ ನರಿ ಇಲ್ಲ, ಮಾತಾಡುವ ಗಿಳಿ ಇಲ್ಲ. ಮಾತಾಡುವ ಮನುಷ್ಯರೇ ಬೇಕಾದಷ್ಟಿದ್ದಾರೆ. ಅವರ ಬಾಯಿ ಮುಚ್ಚಿಸೋದೇ ದೊಡ್ಡ ಕೆಲಸ.

ದುಗ್ಗಪ್ಪ ಅರಮನೆಯ ಅಡುಗೆಯವನು. ಅವನು ಹುಳಿಗೆ ಒಗ್ಗರಣೆ ಹಾಕಿದರೆ ಕೋಟೆಯ ಆಚೆ ಮೇಯುತ್ತಿದ್ದ ಕತ್ತೆಗಳೂ ತಲೆ ಎತ್ತುತ್ತಿದ್ದವು. ಅವನ ಹೋಳಿಗೆ ತಿಂದ ಮೇಲೆ ಜಗಳವಾಡಿದ ಗಂಡ ಹೆಂಡತಿ ಇಲ್ಲ. ಆಳೂ ಅಷ್ಟೇ ಭಾರಿ. ಬಾಗಿಲಲ್ಲಿ ನೇರ ಬರುತ್ತಿರಲಿಲ್ಲ, ಓರೆಯಾಗಿ ನುಗ್ಗುತ್ತಿದ್ದ. ನೆಲಕ್ಕೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಒಬ್ಬ ಎಳೆಯೋಕೆ, ಇನ್ನೊಬ್ಬ ತಳ್ಳೋಕೆ.

ಆ ರಾಜ್ಯದಲ್ಲಿ ಎರಡು ಪದ್ಧತಿ ಇದ್ದವು.

ಒಂದು, ಮೊದಲ ತುತ್ತು. ದೊರೆ ಊಟಕ್ಕೆ ಕೂತಾಗ ಅಡುಗೆಯವನು ಎದುರಿಗೆ ಕೂತು ಪ್ರತಿಯೊಂದು ಪಾತ್ರೆಯಿಂದಲೂ ಒಂದೊಂದು ತುತ್ತು ತಿನ್ನಬೇಕು. ಅವನು ತಿಂದು, ನುಂಗಿ, ಬದುಕಿದ್ದರೆ ದೊರೆ ಎಲೆಗೆ ಕೈ ಹಾಕುತ್ತಿದ್ದ. ವಿಷದ ಹೆದರಿಕೆ, ಇನ್ನೇನು.

ಎರಡನೆಯದು ಕೇಳಿ, ನಗಬೇಡಿ. ಬೇರೆ ಸೀಮೆಯ ದೊರೆಗಳು ಬಂದರೆ ಅವರಿಗೆ ಮೊದಲು ಖಜಾನೆ ತೋರಿಸುತ್ತಿರಲಿಲ್ಲ, ಕುದುರೆ ಲಾಯ ತೋರಿಸುತ್ತಿರಲಿಲ್ಲ. ದುಗ್ಗಪ್ಪನ ಹೊಟ್ಟೆ ತೋರಿಸುತ್ತಿದ್ದರು! ಬಂದವರು ಅದನ್ನ ಮೆಲ್ಲಗೆ ತಟ್ಟಿ ನೋಡಿ, "ಆಹಾ, ಏನು ಸಮೃದ್ಧಿ! ಏನು ಮಳೆ! ಏನು ಬೆಳೆ!" ಅಂತ ಹೊಗಳುತ್ತಿದ್ದರು. ದೊರೆ ಬಿಲ್ಲಪ್ಪನಾಯಕ ಮೀಸೆ ತಿರುವುತ್ತಿದ್ದ. ಉಣ್ಣೋನು ದುಗ್ಗಪ್ಪ, ಉಬ್ಬೋನು ದೊರೆ.

ಇದರಿಂದ ಏನಾಯಿತು ಅಂದರೆ, ತೊಗರಿಗುಡ್ಡದ ಜನಕ್ಕೆ ಒಂದು ನಂಬಿಕೆ ಬೇರೂರಿಬಿಟ್ಟಿತು. ಊರ ಕೆರೆ, ಊರ ಗೋಮಾಳ, ದುಗ್ಗಪ್ಪನ ಹೊಟ್ಟೆ, ಈ ಮೂರೂ ಊರಿಗೆ ಸೇರಿದ್ದು. ಯಾರು ಬೇಕಾದರೂ ನೋಡಬಹುದು. ಯಾರು ಬೇಕಾದರೂ ಅಳೆಯಬಹುದು. ಹೆಚ್ಚುಕಮ್ಮಿ ಆದರೆ ಯಾರು ಬೇಕಾದರೂ ಕೇಳಬಹುದು.

ಒಂದು ದಿನ ದುಗ್ಗಪ್ಪ ಒಲೆ ಮುಂದೆ ಕೂತು ಪಾಯಸ ತಿರುವುತ್ತಿದ್ದ. ಏಲಕ್ಕಿ ಡಬ್ಬಿ ಗೂಡಿನಲ್ಲಿತ್ತು. ಏಳೋಣ ಅಂದ, ಮಂಡಿ ಏಳಲಿಲ್ಲ. ಎಳೆಯೋನು ನೀರಿಗೆ ಹೋಗಿದ್ದ, ತಳ್ಳೋನು ಸೌದೆಗೆ ಹೋಗಿದ್ದ. ದುಗ್ಗಪ್ಪ ಬಲಕ್ಕೆ ವಾಲಿದ, ಎಡಕ್ಕೆ ವಾಲಿದ, ದೇವರ ಹೆಸರು ಹೇಳಿದ. ಅವನ ಕಣ್ಣೆದುರೇ ಪಾಯಸ ತಳ ಹಿಡಿಯಿತು. ಅವನ ಕೈಯಲ್ಲಿ ಪಾಯಸ ತಳ ಹಿಡಿದದ್ದು ಅದೇ ಮೊದಲು. ಬೇರೆ ಯಾರಾದರೂ ಆಗಿದ್ದರೆ ಹಾಲಿನವಳನ್ನ ಬೈದು ಸುಮ್ಮನಾಗುತ್ತಿದ್ದರು. ದುಗ್ಗಪ್ಪ ಹಾಗಲ್ಲ. ಅವನು ಆವತ್ತೇ ತೀರ್ಮಾನ ಮಾಡಿದ.

ಮೊದಲ ತುತ್ತು ತಿನ್ನೋದನ್ನ ಬಿಡಲಿಲ್ಲ, ಅದು ಕೆಲಸ. ಆಮೇಲೆ ಅಡುಗೆಮನೆ ಮೂಲೆಯಲ್ಲಿ ಕೂತು ಹೊಡೆಯುತ್ತಿದ್ದ ತುತ್ತುಗಳನ್ನ ಬಿಟ್ಟ. ಬೆಳಿಗ್ಗೆ ಎದ್ದು ಕೆರೆ ಏರಿ ಮೇಲೆ ನಡೆದ. ಮೊದಲು ಏದುಸಿರು ಬಿಟ್ಟುಕೊಂಡು ನಡೆದ. ಆಮೇಲೆ ಹಾಡಿಕೊಂಡು ನಡೆದ. ಒಂದು ಬೆಳೆ ಕೊಯ್ದು ಇನ್ನೊಂದು ಬೆಳೆ ತೆನೆಗೆ ಬರುವ ಹೊತ್ತಿಗೆ ದುಗ್ಗಪ್ಪ ಅರ್ಧಕ್ಕೆ ಇಳಿದಿದ್ದ. ಯಾರ ಸಹಾಯವೂ ಇಲ್ಲದೆ ಕೂತು ಎದ್ದ ಮೊದಲ ದಿನ ಅವನಿಗೆ ಎಷ್ಟು ಖುಷಿ ಆಯಿತು ಅಂದರೆ, ಅಂಗಳದಲ್ಲಿ ಕೂತ, ಎದ್ದ, ಕೂತ, ಎದ್ದ.

ಹೆಂಡತಿ ಹನುಮಕ್ಕ ಪೊರಕೆ ಹಿಡಿದು ನಿಂತಿದ್ದಳು. "ಇದೇನು, ಮೊಟ್ಟೆ ಇಡೋಕೆ ಜಾಗ ಹುಡುಕೋ ಕೋಳಿ ಥರ? ಸಾಕು ಬನ್ನಿ, ಅಂಗಳ ಗುಡಿಸ್ಬೇಕು" ಅಂದಳು. ಬಾಯಲ್ಲಿ ಹಾಗಂದಳು, ಸೆರಗಿನ ಮರೆಯಲ್ಲಿ ನಕ್ಕಳು.

ಸರಿ. ಇದರಲ್ಲಿ ಯಾರಿಗೆ ಏನು ತೊಂದರೆ? ಅವನ ಮೈ, ಅವನ ಮಂಡಿ, ಅವನ ಪಾಯಸ. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ತೊಗರಿಗುಡ್ಡದವರಿಗೆ ಬಾಯಿ ಇತ್ತಲ್ಲ!

ಮೊದಲು ಸಿಕ್ಕಿದ್ದು ಚೌಡಕ್ಕ, ಸಂತೆಯಲ್ಲಿ ಬದನೆಕಾಯಿ ಮಾರುವವಳು.

"ಅಯ್ಯಯ್ಯೋ ದುಗ್ಗಣ್ಣ! ಏನಪ್ಪಾ ಹೀಗಾಗ್ಬಿಟ್ಟೆ? ಮುಖ ನೋಡು, ಹಿಂಡಿ ಬಿಸಾಕಿದ ನಿಂಬೆಹಣ್ಣು ಆಗಿದೆ. ಏನು ಕಾಯಿಲೆ?"

ದುಗ್ಗಪ್ಪ ನೆಟ್ಟಗೆ ನಿಜ ಹೇಳಿದ. "ಕಾಯಿಲೆ ಏನಿಲ್ಲ ಚೌಡಕ್ಕ. ಮಂಡಿ ನೋಯ್ತಿತ್ತು. ಊಟ ಕಮ್ಮಿ ಮಾಡ್ದೆ, ಕೆರೆ ಏರಿ ಮೇಲೆ ನಡೀತೀನಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಚೌಡಕ್ಕನ ಮುಖ ಬಾಡಿಹೋಯಿತು. ಇಷ್ಟು ದೊಡ್ಡ ಹೊಟ್ಟೆ ಕರಗಿದ್ದಕ್ಕೆ ಇಷ್ಟು ಚಿಕ್ಕ ಕಾರಣವೇ? ಇದನ್ನ ತಗೊಂಡು ಅವಳು ಯಾರ ಹತ್ತಿರ ಏನು ಹೇಳಬೇಕು? ಅವನು ಅತ್ತ ಹೋದದ್ದೇ ತಡ, ಪಕ್ಕದ ಸೊಪ್ಪಿನವಳ ಕಡೆ ವಾಲಿದಳು. "ಮಂಡಿಯಂತೆ ಕಣೆ! ಮಂಡಿ ನೋವಿಗೆ ಯಾರಾದ್ರೂ ಕೆನ್ನೆ ಇಳಿಸ್ಕೊಳ್ತಾರಾ? ಒಳಗೇನೋ ಇದೆ." ಸೊಪ್ಪಿನವಳು ಮೆಣಸಿನಕಾಯಿಯವನಿಗೆ ಹೇಳಿದಳು. ಮೆಣಸಿನಕಾಯಿಯವನು ಬಳೆಯವನಿಗೆ ಹೇಳಿದ. ಸಂತೆಯ ತಲೆಯಲ್ಲಿ ಮಂಡಿನೋವು ಆಗಿದ್ದದ್ದು ಸಂತೆಯ ನಡುವಿನಲ್ಲಿ ಪಿತ್ತವಾಯಿತು. ಸಂತೆಯ ಬಾಲಕ್ಕೆ ಬರುವಾಗ ಕ್ಷಯವಾಗಿ ಹೋಗಿತ್ತು.

ನಿಜ ಹೇಳಿದರೆ ನಡೆಯೋದಿಲ್ಲ ಅಂತ ದುಗ್ಗಪ್ಪನಿಗೆ ಗೊತ್ತಾಯಿತು.

ಎರಡನೆಯದಾಗಿ ಸಿಕ್ಕಿದ್ದು ಅವನ ದೊಡ್ಡಪ್ಪ ರುದ್ರಪ್ಪ. ನೆಂಟರ ಮನೆಯ ನಾಮಕರಣ. ಎಲ್ಲರೂ ಎಲೆ ಮುಂದೆ ಕೂತಿದ್ದಾರೆ. ದೊಡ್ಡಪ್ಪ ಅಲ್ಲಿಂದಲೇ ಕೂಗಿದ.

"ಲೋ ದುಗ್ಗ! ಬಾರೋ ಇಲ್ಲಿ. ತಿರುಗು. ಹಿಂದಕ್ಕೆ ತಿರುಗು. ಈಗ ಮುಂದಕ್ಕೆ. ಅಯ್ಯೋ ಶಿವನೇ!" ಎತ್ತು ಕೊಳ್ಳೋಕೆ ಬಂದವನ ಹಾಗೆ ಸುತ್ತ ನೋಡಿದ. ಹಲ್ಲೊಂದು ಎಣಿಸಲಿಲ್ಲ, ಬಾಲವೊಂದು ಎತ್ತಲಿಲ್ಲ. "ಏನೋ, ಹನುಮಕ್ಕ ಊಟ ಹಾಕಲ್ವೇನೋ? ಹಾಕಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ನಾವೇನು ಸತ್ತುಹೋಗಿದೀವಾ?"

ಹನುಮಕ್ಕ ಅಲ್ಲೇ ಹೆಂಗಸರ ಪಂಕ್ತಿಯಲ್ಲಿದ್ದಳು. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ದುಗ್ಗಪ್ಪ ಗಾಬರಿಯಾಗಿ ಒಂದು ಸುಳ್ಳು ಎಸೆದ. "ಹರಕೆ ದೊಡ್ಡಪ್ಪ, ಹರಕೆ. ಒಪ್ಪತ್ತು ಇದ್ದೀನಿ."

"ಯಾವ ದೇವ್ರಿಗೆ?"

"ಬೆಟ್ಟದ ದೇವ್ರಿಗೆ."

"ಯಾವ ಬೆಟ್ಟ? ಯಾಕೆ ಹರಕೆ? ಯಾರಾದ್ರೂ ಮಾಟ ಮಾಡಿಸಿದ್ರಾ? ಇಲ್ಲಾ, ನೀನೇ ಯಾರಿಗಾದ್ರೂ ಮಾಡಿಸಿದ್ಯಾ?"

ಮಾರನೇ ದಿನದಿಂದ ಮನೆ ಬಾಗಿಲಿಗೆ ಜನವೋ ಜನ. ಒಬ್ಬಳು ತಾಯತ ತಂದಳು. ಒಬ್ಬ ಬೂದಿ ತಂದ. ಇನ್ನೊಬ್ಬ, "ನಮ್ಮ ಹುಡುಗೀಗೂ ಮದ್ವೆ ಆಗ್ತಿಲ್ಲ, ಆ ಬೆಟ್ಟ ಎಲ್ಲಿದೆ ಹೇಳಪ್ಪಾ, ನಾವೂ ಹೋಗ್ತೀವಿ" ಅಂತ ಗಾಡಿ ಕಟ್ಟಿಕೊಂಡೇ ಬಂದ. ಪಾಪ, ದುಗ್ಗಪ್ಪ ಉಣ್ಣುತ್ತಿದ್ದದ್ದು ಸ್ವಲ್ಪ, ಆ ಸುಳ್ಳಿಗೆ ಮಾತ್ರ ಮೂರು ಹೊತ್ತೂ ಊಟ ಹಾಕಬೇಕಾಯಿತು.

ಸುಳ್ಳು ಹೇಳಿದರೂ ನಡೆಯೋದಿಲ್ಲ ಅಂತ ದುಗ್ಗಪ್ಪನಿಗೆ ಗೊತ್ತಾಯಿತು.

ಮೂರನೆಯದಾಗಿ ಸಿಕ್ಕಿದ್ದು ಅರಮನೆ ಬಾಗಿಲು ಕಾಯುವ ಸಣ್ಣೀರ. ಈಟಿ ಅಡ್ಡ ಹಿಡಿದು ಹಲ್ಲು ಕಿರಿದ. "ಓಹೋಹೋ, ದುಗ್ಗಪ್ಪನ ತಮ್ಮ ಬಂದ್ರು! ಅಣ್ಣ ಎಲ್ಲಪ್ಪಾ, ಮನೇಲೇ ಬಿಟ್ಟು ಬಂದ್ಯಾ?"

ದುಗ್ಗಪ್ಪ ಬಾಯಿ ಬಿಡಲಿಲ್ಲ. ಸುಮ್ಮನೆ ನಿಂತ.

"ಏನು, ಗಾಳಿ ಬಂದ್ರೆ ಹಿಡ್ಕೊಳ್ಳೋಕೆ ಕಂಬ ಗಿಂಬ ಬೇಕಾ?"

ದುಗ್ಗಪ್ಪ ಬಾಯಿ ಬಿಡಲಿಲ್ಲ. ಈಟಿ ಸರಿಸಿ ಒಳಗೆ ಹೋದ.

ಸಣ್ಣೀರ ಹಿಂದಿನಿಂದ ಆ ಕಡೆಯ ಕಾವಲಿನವನಿಗೆ ಹೇಳಿದ. "ನೋಡಿದ್ಯಾ? ಉತ್ತರ ಕೊಡಲ್ಲ. ಏನೋ ಭಾರಿ ವಿಷಯಾನೇ ಇರ್ಬೇಕು." ಮಧ್ಯಾಹ್ನದೊಳಗೆ ದುಗ್ಗಪ್ಪನಿಗೆ ಮಾತು ಬಿದ್ದುಹೋಗಿದೆ ಅಂತ ಸುದ್ದಿ ಆಯಿತು. ಸಂಜೆಯೊಳಗೆ ಕೆಲವರು ಅವನ ತಿಥಿಗೆ ಯಾರು ಅಡುಗೆ ಮಾಡ್ತಾರೆ ಅಂತ ಯೋಚಿಸೋಕೆ ಶುರುಮಾಡಿದ್ದರು.

ಸುಮ್ಮನಿದ್ದರೂ ನಡೆಯೋದಿಲ್ಲ. ಈಗ ಏನು ಮಾಡ್ತಾನೆ? ಮಾಡೋಕೆ ಬಿಟ್ಟರೆ ತಾನೆ!

ಅರಮನೆಯ ಉಗ್ರಾಣಕ್ಕೆ ಬಂಗಾರಯ್ಯ ಅಂತ ಒಬ್ಬ ಯಜಮಾನ. ಅಕ್ಕಿ, ಬೇಳೆ, ಬೆಲ್ಲ, ತುಪ್ಪ ಎಲ್ಲದರ ಬೀಗದ ಕೈ ಅವನ ಉಡಿದಾರದಲ್ಲಿ. ಬಂಗಾರಯ್ಯನಿಗೆ ಒಬ್ಬ ಭಾಮೈದ. ಆ ಭಾಮೈದನನ್ನ ಅಡುಗೆಮನೆಗೆ ತುರುಕಬೇಕು ಅಂತ ಬಂಗಾರಯ್ಯನಿಗೆ ಬಹಳ ದಿನದ ಆಸೆ. ಭಾಮೈದನಿಗೆ ಅಡುಗೆ ಬರುತ್ತಿರಲಿಲ್ಲ. ಹೊಟ್ಟೆ ಮಾತ್ರ ಬಂದಿತ್ತು. ತೋರಿಸೋಕೆ ಅಷ್ಟು ಸಾಕಲ್ಲ!

ಬಂಗಾರಯ್ಯ ಊರೆಲ್ಲ ಸುತ್ತಿ ಮಾತುಗಳನ್ನ ಆರಿಸಿಕೊಂಡ. ದೊರೆ ಊಟಕ್ಕೆ ಕೂತು, ದುಗ್ಗಪ್ಪ ಮೊದಲ ತುತ್ತು ತಿಂದು ಒಳಗೆ ಹೋಗುವ ಹೊತ್ತು ನೋಡಿ ಬಂದು ಕೈ ಮುಗಿದ.

"ಪ್ರಭು, ಹೇಳಬಾರದು. ಆದರೆ ಉಪ್ಪು ತಿಂದಿದ್ದೀನಿ, ಹೇಳದೆ ಇರೋಕಾಗಲ್ಲ. ದುಗ್ಗಪ್ಪ ಇಳಿದಿದ್ದಾನೆ."

"ಅದು ನಂಗೂ ಕಾಣುತ್ತೆ."

"ಯಾಕೆ ಇಳಿದ ಅಂತ ಕೇಳಿದ್ದಕ್ಕೆ ಚೌಡಕ್ಕನಿಗೆ ಮಂಡಿನೋವು ಅಂದ. ದೊಡ್ಡಪ್ಪನಿಗೆ ಹರಕೆ ಅಂದ. ಸಣ್ಣೀರನಿಗೆ ಏನೂ ಅನ್ನಲಿಲ್ಲ. ಮೂರು ಜನಕ್ಕೆ ಮೂರು ಥರ! ಶುದ್ಧ ಇರೋನಿಗೆ ಮೂರು ಮಾತು ಯಾಕೆ ಬೇಕು ಪ್ರಭು? ನನಗೆ ಅನಿಸೋದು ಇಷ್ಟು. ಮೊದಲ ತುತ್ತು ಬಾಯಿಗೆ ಹಾಕ್ತಾನೆ, ನುಂಗಲ್ಲ. ದವಡೇಲಿ ಇಟ್ಕೊಂಡು ಹಿತ್ತಲಲ್ಲಿ ಉಗೀತಾನೆ. ಅರಮನೆ ತುಪ್ಪ ದಿನಾ ನುಂಗೋನು ಇಳೀತಾನಾ? ಯಾಕೆ ನುಂಗಲ್ಲ ಅಂತ ನಾನು ಹೇಳಲ್ಲ. ನೀವೇ ಯೋಚನೆ ಮಾಡಿ."

ದೊರೆ ಯೋಚನೆ ಮಾಡಿದ. ಎತ್ತಿದ್ದ ತುತ್ತು ಎಲೆಗೆ ಬಿತ್ತು. ಆವತ್ತು ಅವನು ಉಣ್ಣಲಿಲ್ಲ. ಹಸಿದ ದೊರೆಗೆ ಕರುಣೆ ಎಲ್ಲಿಂದ ಬರಬೇಕು? ದುಗ್ಗಪ್ಪನನ್ನ ಕರೆಸಿ ಗುಡುಗಿದ. "ನೀನು ಮೊದಲ ತುತ್ತು ನುಂಗಲ್ಲ ಅಂತಾನೆ ಬಂಗಾರಯ್ಯ. ನಾಳೆ ತುಂಬಿದ ಸಭೆಯಲ್ಲಿ ನೀನು ಶುದ್ಧ ಅಂತ ತೋರಿಸು. ತೋರಿಸದೇ ಇದ್ರೆ ಆನೆ ಕಾಲಿಗೆ!"

ನೋಡಿ ಮಕ್ಕಳೇ. ಬದನೆಕಾಯಿ ಅಂಗಡಿಯಲ್ಲಿ "ಏನಪ್ಪಾ ಇಳಿದುಬಿಟ್ಟೆ" ಅಂತ ಶುರುವಾದದ್ದು ಆನೆ ಕಾಲಿನ ತನಕ ಬಂತು. ಕೇಳಿದವರು ಮನೆಗೆ ಹೋಗಿ ಉಂಡು ಮಲಗಿದರು. ಕುತ್ತಿಗೆ ಇವನದ್ದು.

ಸಂಜೆ ದುಗ್ಗಪ್ಪ ಜಗಲಿ ಮೇಲೆ ಕುಸಿದು ಕೂತ. ಹನುಮಕ್ಕ ಮೊರದಲ್ಲಿ ಬೇಳೆ ಕೇರುತ್ತಿದ್ದಳು. ಎಲ್ಲ ಕೇಳಿದಳು. ಮೊರ ಕೆಳಗಿಟ್ಟಳು.

"ನಾಳೆ ಏನು ಮಾಡ್ತೀರಿ?"

"ಅವ್ರ ಮುಂದೆ ತಿಂದು, ನುಂಗಿ, ಬಾಯಿ ತೆಗೆದು ತೋರಿಸ್ತೀನಿ."

"ಅದಕ್ಕೂ ಏನಾದ್ರೂ ಅಂತಾರೆ. ಅಲ್ಲಾ, ನಿಜ ಹೇಳಿದ್ರಿ, ಸೋತ್ರಿ. ಸುಳ್ಳು ಹೇಳಿದ್ರಿ, ಸೋತ್ರಿ. ಸುಮ್ನಿದ್ರಿ, ಆಗ್ಲೂ ಸೋತ್ರಿ. ಅವ್ರು ಕೇಳ್ತಾನೇ ಇರೋದು, ನೀವು ತಲೆ ತಗ್ಗಿಸಿ ಬೆವರ್ತಾನೇ ಇರೋದು! ಯಾವತ್ತಾದ್ರೂ ನೀವು ತಿರುಗಿಸಿ ಒಂದು ಕೇಳಿದ್ರಾ? ನಾಳೆ ಆ ಬಂಗಾರಯ್ಯ ಏನು ಹೇಳ್ತಾನೋ ಅದನ್ನ ಹೌದು ಅನ್ನಿ. ಹೌದು ಅಂದು, ಅದನ್ನೇ ಅವ್ನ ಕಡೆ ತಿರುಗಿಸಿ ಕೇಳಿ. ಬೆವರು ಯಾರದು ಸುರಿಯುತ್ತೆ ನೋಡೋಣ."

ದುಗ್ಗಪ್ಪ ಹೆಂಡತಿಯ ಮುಖ ನೋಡಿದ. ಅವಳಾಗಲೇ ಮೊರ ಎತ್ತಿಕೊಂಡು ಕಲ್ಲು ಆರಿಸುತ್ತಿದ್ದಳು. ಕಲ್ಲಿನ ಜೊತೆ ಬೇಳೆಯನ್ನೂ ಎಸೆಯುತ್ತಿದ್ದಳು. ಅದನ್ನ ಅವನೊಬ್ಬನೇ ನೋಡಿದ.

ಮಾರನೇ ದಿನ ಸಭೆ. ಚೌಡಕ್ಕ ಬದನೆಕಾಯಿ ಬಿಟ್ಟು ಬಂದಿದ್ದಳು. ದೊಡ್ಡಪ್ಪ ಮುಂದಿನ ಸಾಲಲ್ಲಿ ಕೂತಿದ್ದ. ಹೊರಗೆ ಆನೆ ಸೊಂಡಿಲು ಆಡಿಸುತ್ತಾ ನಿಂತಿತ್ತು. ಬಂಗಾರಯ್ಯನ ಭಾಮೈದ ಆಗಲೇ ಸೊಂಟಕ್ಕೆ ಹೊಸ ಪಂಚೆ ಬಿಗಿದು ಕೈಯಲ್ಲಿ ಸೌಟು ಹಿಡಿದಿದ್ದ. ಸೌಟನ್ನ ತಲೆಕೆಳಗಾಗಿ ಹಿಡಿದಿದ್ದ.

ದುಗ್ಗಪ್ಪ ಅನ್ನದ ಒಂದು ತುತ್ತು ಬಾಯಿಗೆ ಹಾಕಿದ, ಅಗಿದ, ನುಂಗಿದ. ಬಾಯಿ ಅಗಲ ಮಾಡಿ ತೋರಿಸಿದ. ನಾಲಿಗೆ ಎತ್ತಿ ತೋರಿಸಿದ.

"ಇವತ್ತು ನುಂಗಿದ" ಅಂದ ಬಂಗಾರಯ್ಯ. "ನಿನ್ನೆ? ಮೊನ್ನೆ? ಬಾಯಿ ನೂರು ಆಟ ಆಡುತ್ತೆ ಪ್ರಭು. ಬಾಯಿ ಸುಳ್ಳು ಹೇಳುತ್ತೆ, ಮೈ ಸುಳ್ಳು ಹೇಳಲ್ಲ. ಆ ಮೈ ನೋಡಿ!"

ಸಭೆ ಎಲ್ಲ ಆ ಮೈ ನೋಡಿತು. "ಹೌದು ಹೌದು" ಅಂತ ಗುಜುಗುಜು. ದೊರೆ ಮುಖ ಗಂಟಿಕ್ಕಿದ. ಮಾವುತ ಅಂಕುಶ ಕೈಗೆ ತಗೊಂಡ.

ದುಗ್ಗಪ್ಪ ಕೈ ಮುಗಿದ. "ಬುದ್ಧಿ, ಬಂಗಾರಯ್ಯನೋರು ಹೇಳಿದ್ದು ಸರಿ."

ಚೌಡಕ್ಕ ಕಿವಿ ಮುಂದೆ ಮಾಡಿದಳು.

"ಆದ್ರೂ ಒಂದು ಸಲ ಗಟ್ಟಿ ಮಾಡ್ಕೊಳ್ತೀನಿ. ಬಂಗಾರಯ್ಯನೋರೇ, ಮೈ ಸುಳ್ಳು ಹೇಳಲ್ವಾ?"

"ಹೇಳಲ್ಲ!"

"ಯಾರು ಎಷ್ಟು ನುಂಗಿದ್ದಾರೆ ಅಂತ ಮೈ ನೋಡಿ ಹೇಳ್ಬಹುದಾ?"

"ಕಣ್ಣಿರೋ ಯಾರು ಬೇಕಾದ್ರೂ ಹೇಳ್ಬಹುದು!"

"ನನ್ನಂಥ ಬಡವನ ಮೈ ಮಾತ್ರಾನಾ, ಇಲ್ಲಾ ದೊಡ್ಡೋರ ಮೈ ಕೂಡಾನಾ?"

"ದೊಡ್ಡೋರದ್ದು ಬೇರೆ, ಚಿಕ್ಕೋರದ್ದು ಬೇರೆ ಇರುತ್ತೇನಯ್ಯಾ? ಮೈ ಅಂದ್ಮೇಲೆ ಮೈ. ಎಲ್ಲರದ್ದೂ!" ಬಂಗಾರಯ್ಯ ಎದೆ ಉಬ್ಬಿಸಿದ. ಎದೆ ಉಬ್ಬಿಸಿದರೆ ಎದೆ ಒಂದೇ ಮುಂದೆ ಬರುತ್ತದೆಯೇ? ಹೊಟ್ಟೆಯೂ ಬಂತು.

ದುಗ್ಗಪ್ಪ ದೊರೆ ಕಡೆ ತಿರುಗಿದ. "ಹಾಗಾದ್ರೆ ಬುದ್ಧಿ, ಉಗ್ರಾಣದಲ್ಲಿ ವರ್ಷಾ ವರ್ಷಾ ತುಪ್ಪ ಕಮ್ಮಿ ಬೀಳುತ್ತೆ. ಇಲಿ ತಿಂತು ಅಂತಾರೆ. ನಾನಂತೂ ತಿಂದಿಲ್ಲ, ನನ್ನ ಮೈ ನೋಡಿ. ಬಂಗಾರಯ್ಯನೋರು ಆ ಕೆಲಸಕ್ಕೆ ಬಂದಾಗ ಬೀಗದ ಕೈ ಸೊಂಟದಲ್ಲಿ ಜೋತಾಡ್ತಿತ್ತು, ನಡೆದ್ರೆ ಸದ್ದಾಗ್ತಿತ್ತು. ಈಗ ಸದ್ದೂ ಇಲ್ಲ, ಬೀಗದ ಕೈಯೂ ಕಾಣಲ್ಲ. ಹೊಟ್ಟೆ ಕೆಳಗೆ ಸೇರ್ಕೊಂಡಿದೆ. ತುಪ್ಪ ಎಲ್ಲಿಗೆ ಹೋಯ್ತು ಅಂತ ನಾನು ಹೇಳಲ್ಲ. ಕಣ್ಣಿರೋರು ಹೇಳ್ಲಿ."

ಸಭೆಯ ಅಷ್ಟೂ ಕಣ್ಣು ದುಗ್ಗಪ್ಪನ ಮೈ ಬಿಟ್ಟು ಬಂಗಾರಯ್ಯನ ಹೊಟ್ಟೆ ಮೇಲೆ ಹೋಗಿ ಕೂತವು. ಬೆಲ್ಲದ ಅಚ್ಚು ಬದಲಾಯಿಸಿದ ನೊಣಗಳ ಹಾಗೆ! ಚೌಡಕ್ಕ ಪಕ್ಕದವಳನ್ನ ತಿವಿದಳು. "ಹೌದಲ್ಲೇ, ನಂಗೆ ಮೊದ್ಲಿಂದ್ಲೂ ಅನುಮಾನಾನೇ ಇತ್ತು." ಭಾಮೈದ ಮೆಲ್ಲಗೆ ಸೌಟನ್ನ ಬೆನ್ನ ಹಿಂದೆ ಬಚ್ಚಿಟ್ಟ. ಆಮೇಲೆ ಹೊಟ್ಟೆಯನ್ನ ಒಳಕ್ಕೆ ಎಳೆದುಕೊಂಡ. ಉಸಿರು ಬಿಟ್ಟ ತಕ್ಷಣ ಅದು ವಾಪಸ್ ಬಂತು.

ಬಂಗಾರಯ್ಯನ ಹಣೆಯಲ್ಲಿ ಬೆವರೊಡೆಯಿತು.

"ಪ್ರಭು! ಇದು... ಇದು ವಾಯು! ತುಪ್ಪ ಅಲ್ಲ!"

"ವಾಯುನಾ?"

"ವಾಯು! ಮತ್ತೆ, ನಮ್ಮ ವಂಶದಲ್ಲೇ ಹೀಗೆ. ನಮ್ಮಪ್ಪಂಗೂ ಹೀಗೇ ಇತ್ತು, ನಮ್ಮ ತಾತಂಗೂ ಹೀಗೇ ಇತ್ತು. ನಾನು ಕುಡಿಯೋದು ಬರೀ ಗಂಜಿ ಪ್ರಭು! ಹೊಟ್ಟೆ ನೋಡಿ ಯಾರು ಏನು ನುಂಗಿದ್ರು ಅಂತ ಹೇಳೋಕಾಗುತ್ತಾ? ಕೆಲವರು ತಿಂದ್ರೂ ಇಳೀತಾರೆ. ಕೆಲವರು ತಿನ್ನದಿದ್ರೂ ಏರ್ತಾರೆ. ಅದು ಅವರವರ ಮೈಯಿ, ಅವರವರ ಪಾಡು. ಹೊರಗೆ ನಿಂತೋರಿಗೆ ಏನು ಗೊತ್ತಾಗುತ್ತೆ!"

ದೊರೆ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. ಹಸಿವಿನಲ್ಲಿ ಕಿವಿ ಚುರುಕಾಗಿತ್ತು ಅಂತ ಕಾಣುತ್ತದೆ. "ಏನಂದೆ? ಇನ್ನೊಂದ್ಸಲ ಹೇಳು."

"ಮೈ ನೋಡಿ ಏನೂ ಹೇಳೋಕಾಗಲ್ಲ ಪ್ರಭು."

"ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."

"ಮೈ ನೋಡಿ ಏನೂ ಹೇಳೋಕಾಗಲ್ಲ!"

"ಹೊರಗೆ ಆನೆ ನಿಂತಿದೆ, ಅದಕ್ಕೂ ಕೇಳಿಸ್ಬೇಕು."

"ಮೈ ನೋಡಿ ಏನೂ ಹೇಳೋಕಾಗಲ್ಲಾ!" ಬಂಗಾರಯ್ಯ ಗಂಟಲು ಹರಿಯುವ ಹಾಗೆ ಕಿರುಚಿದ. ಕಿರುಚಿ ಮುಗಿಸಿದ ಮೇಲೆ ತಾನು ಏನು ಕಿರುಚಿದೆ ಅಂತ ಅವನಿಗೇ ಹೊಳೆಯಿತು. ಬಾಯಿ ಹಾಗೇ ತೆರೆದುಕೊಂಡಿತ್ತು.

ದುಗ್ಗಪ್ಪ ಹೇಳಿದ. "ಬುದ್ಧಿ, ಅವ್ರ ಹೊಟ್ಟೆ ವಿಷಯ ನಂಗೆ ನಿಜವಾಗ್ಲೂ ಗೊತ್ತಿಲ್ಲ. ವಾಯುನೇ ಇರ್ಬಹುದು. ಅವ್ರು ಮೈಯನ್ನ ಸಾಕ್ಷಿ ಅಂದ್ರು. ಒಬ್ಬ ಸಾಕ್ಷಿ ಸಾಲದು ಅಂತ ನಾನು ಇನ್ನೊಬ್ಬ ಸಾಕ್ಷೀನ ಕರೆದೆ. ಅಷ್ಟೇ."

ದೊರೆ ನಗಲಿಲ್ಲ. ನಕ್ಕಿದ್ದರೆ ಬಂಗಾರಯ್ಯನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

"ಬಂಗಾರಯ್ಯ, ನೀನೇ ಆರಿಸ್ಕೋ. ಮೈ ಸುಳ್ಳು ಹೇಳಲ್ಲ ಅನ್ನೋದು ನಿಜವಾದ್ರೆ, ನೀನು ತುಪ್ಪದ ಕಳ್ಳ. ಮೈ ನೋಡಿ ಹೇಳೋಕಾಗಲ್ಲ ಅನ್ನೋದು ನಿಜವಾದ್ರೆ, ದುಗ್ಗಪ್ಪನ ಮೇಲೆ ಕೊಲೆ ಅಪವಾದ ಹೊರಿಸಿದ ಸುಳ್ಳ. ಕಳ್ಳನಿಗೆ ಆನೆ ಕಾಲು. ಸುಳ್ಳನಿಗೆ ಡಂಗುರ. ಯಾವುದು ನೀನು?"

ಬಂಗಾರಯ್ಯ ಬಾಗಿಲ ಕಡೆ ನೋಡಿದ. ಆನೆ ಒಂದು ಕಾಲೆತ್ತಿ ಇನ್ನೊಂದು ಕಾಲನ್ನ ಕೆರೆದುಕೊಳ್ಳುತ್ತಿತ್ತು. ಬಹಳ ದೊಡ್ಡ ಕಾಲು.

"ಸುಳ್ಳ, ಪ್ರಭು" ಅಂದ.

"ಕೇಳಿಸ್ಲಿಲ್ಲ."

"ನಾನು ಸುಳ್ಳ!"

ಉಗ್ರಾಣದ ಬೀಗದ ಕೈ ಅವನ ಉಡಿದಾರದಿಂದ ಬಿಚ್ಚಿಹೋಯಿತು. ಕೊರಳಿಗೆ ತಮಟೆ ಬಂತು. ಕೋಲು ಯಾರು ಕೊಟ್ಟರು ಗೊತ್ತೇ? ಭಾಮೈದ. ತನ್ನ ಕೈಯಲ್ಲಿದ್ದ ಸೌಟನ್ನೇ ಕೊಟ್ಟು, ಹಿತ್ತಲ ಬಾಗಿಲಿಂದ ಓಡಿಹೋದ.

ದೊರೆ ಎದ್ದು ಹೊಟ್ಟೆ ಹಿಡಿದುಕೊಂಡ. "ದುಗ್ಗಪ್ಪ, ನಿನ್ನೆಯಿಂದ ಉಂಡಿಲ್ಲ ಕಣಯ್ಯಾ. ಏನಾದ್ರೂ ಇದೆಯಾ?"

"ಒಲೆ ಮೇಲೆ ಹುಳಿ ಇಟ್ಟೇ ಬಂದಿದ್ದೆ ಬುದ್ಧಿ" ಅಂದ ದುಗ್ಗಪ್ಪ. ಸಾಯೋಕೆ ಹೊರಟವನು ಹುಳಿಗಿಟ್ಟು ಬರ್ತಾನಾ ಅಂತ ನೀವು ಕೇಳಬಹುದು. ಅಡುಗೆಯವನು ಅಂದರೆ ಹಾಗೆ.

ಇತ್ತ ಬಂಗಾರಯ್ಯ ಬೀದಿಗೆ ಇಳಿದ. ತೊಗರಿಗುಡ್ಡದಲ್ಲಿ ಮೂರು ಬೀದಿ. ಮೂರರಲ್ಲೂ ಸಾರಬೇಕು, ತನ್ನ ಬಾಯಿಂದಲೇ ಬಂದ ಮಾತನ್ನ.

ಮೊದಲ ಬೀದಿಯಲ್ಲಿ ಮೆತ್ತಗೆ ಹೊಡೆದ, ಮೆತ್ತಗೆ ಕೂಗಿದ. "ಅವರವರ ಮೈಯಿ, ಅವರವರ ಪಾಡು!" ಜನ ಬಿದ್ದು ಬಿದ್ದು ನಕ್ಕರು.

ಎರಡನೇ ಬೀದಿಯಲ್ಲಿ ಹಿಂದೆ ಬರುತ್ತಿದ್ದ ಸಿಪಾಯಿ ತಿವಿದ. ಜೋರಾಗಿ ಹೊಡೆದ, ಜೋರಾಗಿ ಕೂಗಿದ. "ಹೊರಗೆ ನಿಂತೋರಿಗೆ ಏನೂ ಗೊತ್ತಾಗಲ್ಲ!" ಕೆಲವರು ನಕ್ಕರು. ಕೆಲವರು ಯಾಕೋ ನಗಲಿಲ್ಲ, ತಲೆ ಕೆರೆದುಕೊಂಡರು. ರುದ್ರಪ್ಪ ದೊಡ್ಡಪ್ಪ ಜಗಲಿಯಿಂದ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೂರನೇ ಬೀದಿಗೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಂಗಾರಯ್ಯನ ಮುಖ ಕೆಂಡವಾಗಿತ್ತು. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು, ಎದೆ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಅಲ್ಲೊಂದು ಮನೆ ಮುಂದೆ ಒಬ್ಬಳು ಹೆಂಗಸು ಕೊಡ ಇಳಿಸುತ್ತಿದ್ದಳು. ಅವನನ್ನ ಕೆಳಗಿನಿಂದ ಮೇಲಿನ ತನಕ ನೋಡಿದಳು. ಅವಳ ಬಾಯಲ್ಲಿ ಒಂದು ಮಾತು ತಯಾರಾಯಿತು. ಎಂಥಾ ಮಾತು ಅಂತ ನಿಮಗೆ ಗೊತ್ತು, ನಿಮ್ಮ ಬಾಯಲ್ಲೂ ಅದು ಬೇಕಾದಷ್ಟು ಸಲ ತಯಾರಾಗಿದೆ. ಅದು ಗಂಟಲಿಗೆ ಬಂತು. ನಾಲಿಗೆಗೆ ಬಂತು. ಹಲ್ಲಿನ ತನಕ ಬಂತು.

ಅಷ್ಟರಲ್ಲಿ ತಮಟೆ ಬಡಿಯಿತು.

ಅವಳು ಆ ಮಾತನ್ನ ನುಂಗಿದಳು. ನುಂಗಿ, ಚೊಂಬಿಗೆ ನೀರು ಬಗ್ಗಿಸಿ ಮುಂದೆ ಚಾಚಿದಳು. "ಬಿಸಿಲು ಜೋರಾಗಿದೆ ಸ್ವಾಮಿ. ಕುಡೀರಿ."

ಬಂಗಾರಯ್ಯ ಗಟಗಟ ಕುಡಿದ. ಊರಿನ ಮಾತುಗಳನ್ನೆಲ್ಲ ಹೆಕ್ಕಿಕೊಂಡು ಬಂದು ಒಬ್ಬನ ಕುತ್ತಿಗೆಗೆ ಕಟ್ಟಿದವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಅಷ್ಟೇ ಒಂದು ಮಾತು, ಅಷ್ಟೇ ಒಂದು ಚೊಂಬು ನೀರು.

ಈಗ ನೀತಿ ಹೇಳುತ್ತೇನೆ, ಕಿವಿ ಕೊಡಿ, ಎರಡು ಸಲ ಹೇಳೋ ಅಭ್ಯಾಸ ನನಗಿಲ್ಲ. ಇನ್ನೊಬ್ಬರ ಮೈ ಇಳಿಯಲಿ, ಏರಲಿ, ಅದು ಅವರದು. ನಿಮ್ಮ ಅಪ್ಪ ಬಿತ್ತಿದ ಹೊಲ ಅಲ್ಲ, ಬೆಳೆ ಎಷ್ಟು ಬಂತು ಅಂತ ಬೇಲಿ ಹಾರಿ ನೋಡೋಕೆ. ಅವರಾಗಿ ಹೇಳಿದರೆ ಕೇಳಿ. ಹೇಳದಿದ್ದರೆ ಬಾಯಿ ಮುಚ್ಚಿಕೊಳ್ಳಿ. ನಿಮ್ಮನ್ನೇ ಯಾರಾದರೂ ಹಿಡಿದು ನಿಲ್ಲಿಸಿ "ಏನಪ್ಪಾ ಹೀಗಾಗ್ಬಿಟ್ಟೆ" ಅಂದರೆ ನಿಜವನ್ನ ಬಡಿಸಬೇಕಾಗಿಲ್ಲ, ಸುಳ್ಳನ್ನ ಸಾಕಬೇಕಾಗಿಲ್ಲ, ತಲೆ ತಗ್ಗಿಸಿ ನಿಲ್ಲಲೂ ಬೇಕಾಗಿಲ್ಲ. ಆ ಪ್ರಶ್ನೆಯನ್ನ ಹಾಗೇ ತಿರುಗಿಸಿ ಅವರ ಕೈಗೇ ಕೊಡಿ. ಬಿಸಿ ಇರುತ್ತದೆ, ಅವರೇ ಬಿಸಾಕಿ ಓಡುತ್ತಾರೆ.

ಕಥೆ ತೊಗರಿಗುಡ್ಡದಲ್ಲೇ ಉಳಿಯಿತು, ನೀತಿ ನಿಮ್ಮ ಮಡಿಲಿಗೆ ಬಿತ್ತು. ನಾನು ಎದ್ದೆ. ಅಲ್ಲಿ ಹಿಂದೆ ಕೂತು ನನ್ನ ನಡು ನೋಡಿ ಪಿಸುಗುಡುತ್ತಿರೋ ಅಣ್ಣ, ನಿಮ್ಮ ಹೆಸರೇನು ಅಂದ್ರಿ? ಮುಂದಿನ ಕಥೆಗೆ ಬೇಕು.